ಚೆಕ್ಕಿಗೆ ಎರಡು ಸಹಿ, ಆನ್‌ಲೈನ್‌ಗೆ ಒಂದೇ ಫೋನ್!

ಆಗಸ್ಟ್-ಸೆಪ್ಟೆಂಬರ್ ಬಂತೆಂದರೆ ಮುಂಬಯಿ ಹಾಗೂ ಉಪನಗರಗಳ ಕನ್ನಡ, ತುಳು ಸಂಘ-ಸಂಸ್ಥೆಗಳಿಗೆ ವಾರ್ಷಿಕ ಮಹಾಸಭೆಗಳ ಕಾಲ. ರವಿವಾರ ಬೆಳಗ್ಗೆ ಸಭಾಗೃಹದಲ್ಲಿ ಗೌರವ ಕೋಶಾಧಿಕಾರಿಯವರು ಲೆಕ್ಕಪತ್ರ ಮಂಡಿಸುತ್ತಾರೆ. ಹಿಂದಿನ ಸಾಲಿನಿಂದ ಹಿರಿಯ ಸದಸ್ಯರೊಬ್ಬರು ಎದ್ದು, ಅರಸಿನ ಕುಂಕುಮ ಕಾರ್ಯಕ್ರಮದ ಉಪಾಹಾರಕ್ಕೆ ಕಳೆದ ವರ್ಷಕ್ಕಿಂತ ಮೂರು ಸಾವಿರ ರೂಪಾಯಿ ಹೆಚ್ಚು ಯಾಕಾಯಿತು ಎಂದು ಕೇಳುತ್ತಾರೆ. ವೋಚರ್ ಎಲ್ಲಿ, ರಶೀದಿ ಎಲ್ಲಿ ಎಂದು ಹತ್ತು ನಿಮಿಷ ಚರ್ಚೆಯಾಗುತ್ತದೆ. ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಸಂಘದ ಬ್ಯಾಂಕ್ ಖಾತೆಯ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಯಾರ ಬಳಿ ಇದೆ, ಓಟಿಪಿ ಯಾರ ಫೋನಿಗೆ ಬರುತ್ತದೆ ಎಂದು ಕೇಳಿದ ಸದಸ್ಯರನ್ನು ಇಷ್ಟು ವರ್ಷಗಳಲ್ಲಿ ನಾನು ಒಂದು ಮಹಾಸಭೆಯಲ್ಲೂ ಕಂಡಿಲ್ಲ. ಮೂರು ಸಾವಿರಕ್ಕೆ ಲೆಕ್ಕ ಕೇಳುವ ನಾವು ವಿದ್ಯಾನಿಧಿಯ ಲಕ್ಷಗಳ ಬೀಗದ ಕೈ ಯಾರಲ್ಲಿದೆ ಎಂದು ವಿಚಾರಿಸುವುದೇ ಇಲ್ಲ.

ಈ ಪ್ರಶ್ನೆಯನ್ನು ಕೇಳದೆ ಉಳಿದವರಲ್ಲಿ ನಾನೂ ಒಬ್ಬ. ಅದರಿಂದ ಆದ ನಷ್ಟವನ್ನು ಮುಂದೆ ಹೇಳುತ್ತೇನೆ.

ನಮ್ಮ ಹಿರಿಯರು ಈ ಊರಿಗೆ ಬಂದು ಮೊದಲು ಕಟ್ಟಿದ್ದು ಸಂಘಗಳನ್ನು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮೈಸೂರು ಅಸೋಸಿಯೇಶನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು. ಸಂಘಗಳ ಜೊತೆಗೆ ಬ್ಯಾಂಕುಗಳನ್ನೂ ಕಟ್ಟಿದರು. ಚಿತ್ರಾಪುರ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆಯನ್ನು ಆರಂಭಿಸಿದರೆ, ಬಿಲ್ಲವ ಸಮಾಜದವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಆರಂಭಿಸಿದರು. ಊರಿನಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳ ಶಾಖೆಗಳೂ ಇಲ್ಲಿಗೆ ಬಂದವು. ಹೊಟೇಲು ಕೆಲಸಕ್ಕೆ ಬಂದ ಹುಡುಗರು ರಾತ್ರಿ ಶಾಲೆಯಲ್ಲಿ ಓದಿ ಇವೇ ಬ್ಯಾಂಕುಗಳಲ್ಲಿ ಗುಮಾಸ್ತರಾದರು, ಮ್ಯಾನೇಜರರಾದರು.

ಸಂಘದ ಹಣಕ್ಕೆ ಆಗ ಎರಡು ರಕ್ಷಣೆಗಳಿದ್ದವು. ಒಂದು, ಉಪನಿಯಮಾವಳಿಯಲ್ಲಿ ಬರೆದಿಟ್ಟ ಜಂಟಿ ಸಹಿ. ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಕೋಶಾಧಿಕಾರಿ ಈ ಮೂವರಲ್ಲಿ ಇಬ್ಬರ ಸಹಿ ಇಲ್ಲದೆ ಚೆಕ್ ಪಾಸಾಗುತ್ತಿರಲಿಲ್ಲ. ಎರಡನೆಯದು ಎಲ್ಲೂ ಬರೆದಿಡದ ರಕ್ಷಣೆ, ಅಂದರೆ ಪರಿಚಯ. ಕೌಂಟರಿನಲ್ಲಿದ್ದವರು ನಮ್ಮವರೇ. ದೊಡ್ಡ ಮೊತ್ತದ ಚೆಕ್ ಬಂದರೆ ಮ್ಯಾನೇಜರರು ಫೋನ್ ಎತ್ತಿ, "ಶೆಟ್ರೇ, ನಲ್ವತ್ತು ಸಾವಿರದ್ದೊಂದು ಚೆಕ್ ಬಂದಿದೆ, ನಿಮ್ಮದೇ ಅಲ್ವಾ?" ಎಂದು ಕೇಳುತ್ತಿದ್ದರು. ಆ ಒಂದು ಮಾತಿನಿಂದ ಎಷ್ಟೋ ಹೊಟೇಲುಗಳ, ಸಂಘಗಳ ಹಣ ಉಳಿದಿದೆ.

ಇಂದು ಆ ಪರಿಚಯದ ರಕ್ಷಣೆ ಬಹುಪಾಲು ಇಲ್ಲವಾಗಿದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ಶಾಖೆಗಳು ಕೂಡಿಕೊಂಡವು, ಸಿಬ್ಬಂದಿ ಬದಲಾದರು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಹಣ ಕಳಿಸಲು ನಾವೇ ಶಾಖೆಗೆ ಹೋಗುವುದನ್ನು ಬಿಟ್ಟಿದ್ದೇವೆ. 2019ರ ಡಿಸೆಂಬರ್ 16ರಿಂದ ನೆಫ್ಟ್, 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುತ್ತಿವೆ. ರವಿವಾರ ರಾತ್ರಿ ಹನ್ನೊಂದಕ್ಕೂ ಲಕ್ಷಗಟ್ಟಲೆ ಹಣ ಕಳಿಸಬಹುದು. ನಗದು ವ್ಯವಹಾರಕ್ಕೂ ಸರಕಾರ ಕಡಿವಾಣ ಹಾಕಿದೆ. 2017ರ ಏಪ್ರಿಲ್‌ನಿಂದ ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗದಂತಾಯಿತು. ಹೀಗಾಗಿ ದಾನಿಗಳೂ ಬ್ಯಾಂಕ್ ಮೂಲಕವೇ ಕೊಡುತ್ತಾರೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಈ ಅವಸರದಲ್ಲಿ ಜಂಟಿ ಸಹಿ ಎಂಬ ಮೊದಲನೆಯ ರಕ್ಷಣೆಯನ್ನೂ ನಾವು ಕೈಯಾರೆ ಬಿಟ್ಟುಕೊಟ್ಟೆವು.

ನಾನು ಕೋಶಾಧಿಕಾರಿಯಾಗಿದ್ದ ಉಪನಗರದ ಸಂಘದಲ್ಲಿ ಆದದ್ದೂ ಇದೇ. 2020ರ ಲಾಕ್‌ಡೌನ್ ಸಮಯ. ಅಧ್ಯಕ್ಷರು ಠಾಣೆಯಲ್ಲಿ, ಕಾರ್ಯದರ್ಶಿ ಮೀರಾರೋಡ್‌ನಲ್ಲಿ, ನಾನು ಊರಿನಲ್ಲಿ ಸಿಕ್ಕಿಕೊಂಡಿದ್ದೆ. ಕೆಲಸ ಕಳೆದುಕೊಂಡ ಹೊಟೇಲು ಕಾರ್ಮಿಕರ ಕುಟುಂಬಗಳಿಗೆ ಅಕ್ಕಿ-ಬೇಳೆಯ ಕಿಟ್ ಕೊಡಬೇಕಿತ್ತು, ಕಿರಾಣಿ ಅಂಗಡಿಯವರಿಗೆ ಹಣ ಪಾವತಿಸಬೇಕಿತ್ತು. ಚೆಕ್ಕಿಗೆ ಎರಡು ಸಹಿ ಹಾಕಿಸಲು ದಾರಿಯೇ ಇರಲಿಲ್ಲ. ಹಾಗಾಗಿ ಫೋನಿನಲ್ಲೇ ಸಭೆ ನಡೆಸಿ, ಒಬ್ಬರೇ ನೆಟ್ ಬ್ಯಾಂಕಿಂಗ್ ನಡೆಸುವಂತೆ ಠರಾವು ಮಾಡಿ ಬ್ಯಾಂಕಿಗೆ ಕಳಿಸಿದೆವು. 'ತಾತ್ಕಾಲಿಕವಾಗಿ' ಎಂದೇ ಅದರಲ್ಲಿ ಬರೆದಿತ್ತು. ಲಾಕ್‌ಡೌನ್ ಮುಗಿಯಿತು, ತಾತ್ಕಾಲಿಕ ಮುಗಿಯಲಿಲ್ಲ. ಅನುಕೂಲ ರೂಢಿಯಾಯಿತು. ನನಗೆ ಪ್ರತಿ ಸಂಜೆ ಕಚೇರಿಗೆ ಹೋಗಲು ಆಗುತ್ತಿರಲಿಲ್ಲವೆಂದು ಪಾಸ್‌ವರ್ಡನ್ನು ಕಚೇರಿಯ ಹುಡುಗನಿಗೆ ಕೊಟ್ಟೆ. ಓಟಿಪಿ ಬರುವ ಸಂಘದ ಮೊಬೈಲ್ ಕೂಡ ಅದೇ ಮೇಜಿನ ಡ್ರಾವರಿನಲ್ಲಿತ್ತು.

2023ರ ಒಂದು ಶನಿವಾರ ಸಂಜೆ ಆ ಹುಡುಗನಿಗೆ ಹೊಸ ನಂಬರಿನಿಂದ ವಾಟ್ಸಪ್ ಸಂದೇಶ ಬಂತು. ಫೋಟೊ ಅಧ್ಯಕ್ಷರದ್ದು. "ಆಸ್ಪತ್ರೆಯಲ್ಲಿದ್ದೇನೆ, ನಮ್ಮ ಸದಸ್ಯರೊಬ್ಬರಿಗೆ ತುರ್ತು ಆಪರೇಶನ್, ಈ ಖಾತೆಗೆ ಕೂಡಲೇ 85 ಸಾವಿರ ಹಾಕು, ಡಾಕ್ಟರ ಜತೆ ಮಾತಾಡುತ್ತಿದ್ದೇನೆ, ಫೋನ್ ಮಾಡಬೇಡ" ಎಂದಿತ್ತು. ವೈದ್ಯಕೀಯ ನೆರವು ನಮ್ಮ ಸಂಘ ಮೊದಲಿನಿಂದಲೂ ಕೊಡುತ್ತಿದ್ದದ್ದೇ. ಹುಡುಗ ನಂಬಿದ. ಅವನ ಒಳ್ಳೆಯತನವೇ ಮೋಸಗಾರನಿಗೆ ಅನುಕೂಲವಾಯಿತು. ಹತ್ತು ನಿಮಿಷದಲ್ಲಿ ಹಣ ಹೋಯಿತು. ಅದು ಮೋಸವೆಂದು ತಿಳಿದದ್ದು ಸೋಮವಾರ ಮಧ್ಯಾಹ್ನ, ಅಧ್ಯಕ್ಷರು ಕಚೇರಿಗೆ ಬಂದಾಗ. ನಾವು ದೂರು ಕೊಟ್ಟೆವು, ಪೊಲೀಸ್ ಠಾಣೆಗೂ ಹೋದೆವು. ಅಷ್ಟರಲ್ಲಿ ಹಣ ಆ ಖಾತೆಯಿಂದ ಬೇರೆ ಖಾತೆಗಳಿಗೆ ಹೋಗಿ, ಅಲ್ಲಿಂದ ನಗದಾಗಿ ತೆಗೆದಾಗಿತ್ತು.

ಬ್ಯಾಂಕಿನವರು ಹೇಳಿದ್ದು ಕಹಿಯಾದರೂ ನಿಜ. ಯಾರೂ ಸಿಸ್ಟಮಿಗೆ ಕನ್ನ ಹಾಕಿಲ್ಲ. ಸರಿಯಾದ ಪಾಸ್‌ವರ್ಡ್, ಸರಿಯಾದ ಓಟಿಪಿ, ನಿಮ್ಮದೇ ಕಚೇರಿಯಿಂದ. ನಾವು ಕಾರ್ಯಕಾರಿ ಸಮಿತಿಯವರು ಕೈಯಿಂದ ಹಾಕಿ ಆ ಮೊತ್ತ ತುಂಬಿದೆವು. ಆದರೆ ತುಂಬಲಾಗದ ನಷ್ಟ ಇನ್ನೊಂದಿತ್ತು. ಹಗಲು ಕೆಲಸ ಮಾಡಿ ರಾತ್ರಿ ಕಾಲೇಜಿಗೆ ಹೋಗುತ್ತಿದ್ದ ಆ ಹುಡುಗನನ್ನು ಯಾರೂ ಕಳ್ಳನೆಂದು ಹೇಳಲಿಲ್ಲ, ಹಾಗೆ ನೋಡಿದವರು ಮಾತ್ರ ಕೆಲವರಿದ್ದರು. ತಿಂಗಳೊಳಗೆ ಕೆಲಸ ಬಿಟ್ಟು ಹೋದ. ತಪ್ಪು ಅವನದ್ದಾಗಿರಲಿಲ್ಲ. ತಿಜೋರಿಯ ಎರಡೂ ಕೀಲಿಕೈಗಳನ್ನು ಒಬ್ಬನ ಕೈಯಲ್ಲಿಟ್ಟು ಮನೆಗೆ ಹೋದವನು ನಾನು. ಎರಡು ಸಹಿಯ ಪದ್ಧತಿ ಕಳ್ಳರನ್ನು ಹಿಡಿಯಲು ಮಾತ್ರ ಇರುವುದಲ್ಲ. ಪ್ರಾಮಾಣಿಕರನ್ನು ಅಪವಾದದಿಂದ ಕಾಪಾಡುವುದೂ ಅದರ ಕೆಲಸ. ಇದು ನನಗೆ ಅರ್ಥವಾದದ್ದು ತಡವಾಗಿ.

ಹಾಗಾದರೆ ಆನ್‌ಲೈನ್ ಬ್ಯಾಂಕಿಂಗ್ ಬೇಡವೇ? ಬೇಕು, ಬೇಕೇ ಬೇಕು. ಸಂಘಗಳು ಮತ್ತು ವ್ಯಾಪಾರಸ್ಥರಿಗೆ ಬ್ಯಾಂಕುಗಳು ಕೊಡುವ ಬಿಸಿನೆಸ್ ಅಥವಾ ಕಾರ್ಪೊರೇಟ್ ನೆಟ್ ಬ್ಯಾಂಕಿಂಗ್‌ನಲ್ಲಿ ಜಂಟಿ ಸಹಿಗೆ ಸರಿಸಮಾನವಾದ ವ್ಯವಸ್ಥೆ ಇದೆ. ಬ್ಯಾಂಕಿನವರು ಅದನ್ನು 'ಮೇಕರ್-ಚೆಕರ್' ಎನ್ನುತ್ತಾರೆ. ಒಬ್ಬರು ಪಾವತಿಯ ವಿವರ ತುಂಬಿ ಸಿದ್ಧಪಡಿಸುತ್ತಾರೆ, ಅವರೇ ಮೇಕರ್. ಅದು ಇನ್ನೊಬ್ಬರ ಪರದೆಯ ಮೇಲೆ ಕಾಣಿಸುತ್ತದೆ. ಅವರು ತಮ್ಮದೇ ಪಾಸ್‌ವರ್ಡ್‌ನಿಂದ ಒಳಹೊಕ್ಕು, ನೋಡಿ, ತಮ್ಮ ಫೋನಿಗೆ ಬಂದ ಓಟಿಪಿ ಹಾಕಿ ಒಪ್ಪಿದರೆ ಮಾತ್ರ ಹಣ ಹೋಗುತ್ತದೆ. ಇವರು ಚೆಕರ್. ಇಂತಿಷ್ಟು ಮೊತ್ತದ ಮೇಲಿದ್ದರೆ ಇಬ್ಬರು ಒಪ್ಪಬೇಕು ಎಂದೂ ಇಡಬಹುದು. ಲೆಕ್ಕ ಪರಿಶೋಧಕರಿಗೆ ನೋಡಲು ಮಾತ್ರ ಅವಕಾಶವಿರುವ ಪ್ರತ್ಯೇಕ ಲಾಗಿನ್ ಕೊಡಿಸಬಹುದು. ಅಧ್ಯಕ್ಷರು ಬೊರಿವಲಿಯಲ್ಲಿ, ಕೋಶಾಧಿಕಾರಿ ಡೊಂಬಿವಲಿಯಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಸಂಘದಲ್ಲಿ ಇದೇ ಇದ್ದಿದ್ದರೆ ಆ ಶನಿವಾರದ ಪಾವತಿ ಅಧ್ಯಕ್ಷರ ಫೋನಿಗೇ ಒಪ್ಪಿಗೆಗಾಗಿ ಹೋಗುತ್ತಿತ್ತು. ಅಲ್ಲಿಗೆ ಮೋಸ ಬಯಲಾಗುತ್ತಿತ್ತು.

ಇದಕ್ಕೆ ಬೇಕಾದದ್ದು ಕಾರ್ಯಕಾರಿ ಸಮಿತಿಯ ಒಂದು ಠರಾವು, ಬ್ಯಾಂಕಿನ ಒಂದು ಅರ್ಜಿ, ಪದಾಧಿಕಾರಿಗಳ ಕೆವೈಸಿ ಕಾಗದಪತ್ರ. ನಮ್ಮಲ್ಲಿ ಘಟನೆಯ ನಂತರ ಮಾಡಿದೆವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಉಳಿದ ಸಂಘಗಳವರಾದರೂ ಮೊದಲೇ ಮಾಡಲಿ ಎಂಬುದಕ್ಕೇ ಈ ಲೇಖನ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ, ಗ್ರಾಹಕನ ಒಪ್ಪಿಗೆಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ನಷ್ಟ ಯಾರದ್ದು ಎಂಬುದನ್ನು ನಿಗದಿಪಡಿಸಿತು. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷ ಡಿಸೆಂಬರ್‌ನಲ್ಲಿ ಇದೇ ಬಗೆಯ ಆದೇಶ ಬಂತು. ಬ್ಯಾಂಕಿನ ಲೋಪವಾದರೆ ಗ್ರಾಹಕ ಏನೂ ಹೊರಬೇಕಿಲ್ಲ. ಬ್ಯಾಂಕಿನದ್ದೂ ಅಲ್ಲದ, ಗ್ರಾಹಕನದ್ದೂ ಅಲ್ಲದ ಲೋಪವಾದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಮಾತ್ರ ಗ್ರಾಹಕನ ಹೊಣೆ. ಆದರೆ ಪಾಸ್‌ವರ್ಡ್, ಓಟಿಪಿಯನ್ನು ಗ್ರಾಹಕನೇ ಬೇರೆಯವರಿಗೆ ಕೊಟ್ಟಿದ್ದರೆ ಅದು ಅವನ ನಿರ್ಲಕ್ಷ್ಯ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದ್ದೇ. ಕಚೇರಿಯ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟ ದಿನವೇ ನಾವು ಈ ರಕ್ಷಣೆಯನ್ನು ಕಳೆದುಕೊಂಡಿದ್ದೆವು.

ಇನ್ನು ಫೋನ್ ನಂಬರಿನ ವಿಷಯ. ಎರಡು-ಮೂರು ವರ್ಷಕ್ಕೊಮ್ಮೆ ಸಮಿತಿ ಬದಲಾಗುತ್ತದೆ. ಪದಗ್ರಹಣ ಸಮಾರಂಭದಲ್ಲಿ ಶಾಲು, ಹಾರ, ಸ್ಮರಣಿಕೆ ಎಲ್ಲ ಹಸ್ತಾಂತರವಾಗುತ್ತವೆ, ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ನಂಬರ್ ಮಾತ್ರ ಮಾಜಿ ಕೋಶಾಧಿಕಾರಿಯವರ ಬಳಿಯೇ ಉಳಿಯುತ್ತದೆ. ಅವರು ನಿವೃತ್ತರಾಗಿ ಊರಿಗೆ ಹೋದರೆ ವಿದ್ಯಾರ್ಥಿ ವೇತನದ ದಿನ ಓಟಿಪಿಗಾಗಿ ಕಾರ್ಕಳಕ್ಕೋ ಕುಂದಾಪುರಕ್ಕೋ ಫೋನ್ ಮಾಡಬೇಕು. ಅವರ ಸಿಮ್ ಬಂದ್ ಆಗಿ ಆ ನಂಬರ್ ಕಂಪೆನಿಯಿಂದ ಬೇರೆಯವರಿಗೆ ಹೋದರೆ ಗತಿ ಏನು? ಹೊಸ ಸಮಿತಿಯ ಮೊದಲ ಸಭೆಯ ಮೊದಲ ವಿಷಯವೇ ಇದಾಗಬೇಕು.

ಸಿಮ್ ಎಂದಾಗ ಇನ್ನೊಂದು ಪ್ರಕರಣ ನೆನಪಾಗುತ್ತದೆ. 2018ರ ಡಿಸೆಂಬರ್ ಕೊನೆಯಲ್ಲಿ ಮುಂಬಯಿಯ ಬಟ್ಟೆ ವ್ಯಾಪಾರಿಯೊಬ್ಬರಿಗೆ ಒಂದು ರಾತ್ರಿ ಆರು ಮಿಸ್ಡ್ ಕಾಲ್ ಬಂದವು. ಬೆಳಗ್ಗೆ ನೋಡಿದರೆ ಫೋನ್ ಸತ್ತಿತ್ತು. ಅವರ ನಂಬರಿಗೆ ಯಾರೋ ನಕಲಿ ಸಿಮ್ ಪಡೆದು ವ್ಯಾಪಾರದ ಖಾತೆಯಿಂದ 1.86 ಕೋಟಿ ರೂಪಾಯಿ ಸಾಗಿಸಿದ್ದರು. ಮರುವರ್ಷದ ಆರಂಭದ ದಿನಗಳಲ್ಲಿ ಪತ್ರಿಕೆಗಳಲ್ಲೆಲ್ಲ ಇದೇ ಸುದ್ದಿ. ಖಾತೆಗೆ ಜೋಡಿಸಿದ ಫೋನಿನ ನೆಟ್‌ವರ್ಕ್ ಕಾರಣವಿಲ್ಲದೆ ಹೋದರೆ ಅದು ಕಂಪೆನಿಯ ತೊಂದರೆ ಎಂದು ಸುಮ್ಮನಿರದೆ ಕೂಡಲೇ ಬ್ಯಾಂಕಿಗೆ ತಿಳಿಸಬೇಕು ಎಂಬುದು ಅದರ ಪಾಠ. ಒಪ್ಪಿಗೆ ಎರಡು ಬೇರೆ ಬೇರೆ ಫೋನುಗಳಿಂದ ಬರಬೇಕು ಎಂದಿದ್ದರೆ ಒಂದು ಸಿಮ್ ಕದ್ದವನಿಗೆ ಅರ್ಧ ದಾರಿ ಮಾತ್ರ ಸಿಗುತ್ತದೆ.

ರಜೆಯ ದಿನಗಳಲ್ಲಿ ಮೋಸ ಹೆಚ್ಚು ನಡೆಯುವುದಕ್ಕೂ ಕಾರಣವಿದೆ. ನೋಡುವವರು ಯಾರೂ ಇರುವುದಿಲ್ಲ. ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿನ ಸಿಸ್ಟಮ್‌ಗೆ 2018ರ ಆಗಸ್ಟ್‌ನಲ್ಲಿ ಕನ್ನ ಹಾಕಿ ಸುಮಾರು 94 ಕೋಟಿ ರೂಪಾಯಿ ದೋಚಿದಾಗಲೂ ಮೊದಲ ದಾಳಿ ನಡೆದದ್ದು ಆಗಸ್ಟ್ 11ರಂದು, ತಿಂಗಳ ಎರಡನೇ ಶನಿವಾರ. ಬ್ಯಾಂಕಿಗೇ ಹೀಗಾದರೆ ವಾರಕ್ಕೆರಡು ಸಂಜೆ ತೆರೆಯುವ ಸಂಘದ ಕಚೇರಿಯ ಪಾಡೇನು? ಆದುದರಿಂದ ದಿನದ ಪಾವತಿಗೆ ಒಂದು ಮಿತಿ ಇಡಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ವಿದ್ಯಾರ್ಥಿ ವೇತನ ಹಂಚುವಾಗ ಮಿತಿ ಏರಿಸಿ ಮತ್ತೆ ಇಳಿಸಬಹುದು. ವಿದ್ಯಾನಿಧಿ, ಕಟ್ಟಡ ನಿಧಿಗಳನ್ನು ದಿನನಿತ್ಯದ ಖಾತೆಯಲ್ಲಿ ಇಡಲೇಬಾರದು.

ಹೊಟೇಲು ಉದ್ಯಮಿ ಬಂಧುಗಳಿಗೂ ಎರಡು ಮಾತು ಹೇಳಬೇಕು. ಗಲ್ಲಾದ ಮೇಲೆ ಕಣ್ಣಿಟ್ಟು ಬೆಳೆದವರು ನಾವು. ಧಣಿ ಸ್ವತಃ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದಲ್ಲಿ ಐದು ರೂಪಾಯಿ ಆಚೀಚೆ ಆಗುತ್ತಿರಲಿಲ್ಲ. ಈಗ ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಅಂಟಿಸಿದೆ. ಅದರ ಮೇಲೆ ರಾತ್ರಿ ಯಾರಾದರೂ ತಮ್ಮ ಕೋಡ್ ಅಂಟಿಸಿದರೆ ಬೆಳಗ್ಗಿನ ಇಡ್ಲಿ-ವಡೆಯ ಹಣ ಅವರ ಖಾತೆಗೆ. ಬಾಗಿಲು ತೆರೆದ ಕೂಡಲೇ ಒಂದು ರೂಪಾಯಿ ಹಾಕಿ ನೋಡುವ ಅಭ್ಯಾಸ ಇರಲಿ. ಗಿರಾಕಿ ಮೊಬೈಲ್ ಪರದೆ ತೋರಿಸಿ ಹೊರಟರೆ ಅದನ್ನೇ ನಂಬದೆ ನಮ್ಮ ಯಂತ್ರ ಕೂಗಿದೆಯೇ, ನಮ್ಮ ಫೋನಿಗೆ ಸಂದೇಶ ಬಂದಿದೆಯೇ ಎಂದು ಕ್ಯಾಶಿಯರ್ ನೋಡಲಿ. ಸೈನ್ಯದವರೆಂದು ಹೇಳಿಕೊಂಡು ನೂರು ಊಟದ ಆರ್ಡರ್ ಕೊಟ್ಟು, ಮುಂಗಡ ಕಳಿಸುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುವವರಿದ್ದಾರೆ. ಹಣ ಕೊಡಲು ಮಾತ್ರ ಪಿನ್ ಬೇಕು, ಹಣ ಬರಲು ಪಿನ್ ಬೇಡ. ಈ ಒಂದು ಮಾತನ್ನು ಗಲ್ಲಾದ ಹಿಂದೆ ಕನ್ನಡ, ತುಳು, ಹಿಂದಿಯಲ್ಲಿ ಬರೆದು ಹಾಕಿದರೂ ಸಾಲದು.

ಇದಕ್ಕಿಂತ ದೊಡ್ಡ ಅಪಾಯ ಸಾಮಾನು ಪೂರೈಸುವವರ ಹೆಸರಿನಲ್ಲಿ ಬರುತ್ತದೆ. ವಾಶಿ ಮಾರ್ಕೆಟಿನ ವ್ಯಾಪಾರಿಯ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ನಂಬರಿಗೆ ಹಾಕಿ" ಎಂದು ಸಂದೇಶ ಬಂದರೆ, ಮೊದಲಿನಿಂದ ನಮ್ಮಲ್ಲಿರುವ ಅವರ ಫೋನಿಗೆ ನಾವೇ ಕರೆ ಮಾಡಿ ಕೇಳಬೇಕು. ಹಿಂದೆ ನೆಫ್ಟ್‌ನಲ್ಲಿ ಹೆಸರು ಏನೇ ಬರೆದರೂ ಹಣ ಹೋಗುತ್ತಿದ್ದದ್ದು ಖಾತೆ ನಂಬರ್ ನೋಡಿ ಮಾತ್ರ. 2025ರ ಏಪ್ರಿಲ್ 1ರೊಳಗೆ ನೆಫ್ಟ್, ಆರ್‌ಟಿಜಿಎಸ್‌ಗಳಲ್ಲೂ ಹಣ ಪಡೆಯುವವರ ನಿಜವಾದ ಹೆಸರು ಮೊದಲೇ ಕಾಣುವಂತೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಆ ಹೆಸರನ್ನು ಓದದೆ ಗುಂಡಿ ಒತ್ತಬೇಡಿ. ಚೆಕ್ ಬರೆಯುವವರಿಗೂ 2021ರ ಜನವರಿ 1ರಿಂದ ಪಾಸಿಟಿವ್ ಪೇ ಎಂಬ ಸೌಲಭ್ಯವಿದೆ. 50 ಸಾವಿರ ಮತ್ತು ಅದಕ್ಕಿಂತ ಹೆಚ್ಚಿನ ಚೆಕ್ಕಿನ ವಿವರವನ್ನು ನಾವು ಮೊದಲೇ ಬ್ಯಾಂಕಿಗೆ ತಿಳಿಸಿದರೆ, ತಿದ್ದಿದ ಚೆಕ್ ಬಂದಾಗ ಅದು ತಡೆಯಲ್ಪಡುತ್ತದೆ. ಹಿಂದಿನ ಮ್ಯಾನೇಜರರ "ನಿಮ್ಮದೇ ಅಲ್ವಾ?" ಎಂಬ ಪ್ರಶ್ನೆಯೇ ಈ ಹೊಸ ರೂಪದಲ್ಲಿ ಬಂದಿದೆ ಎನ್ನಬಹುದು.

ವಾಟ್ಸಪ್ ಗುಂಪುಗಳಲ್ಲಿ ಮದುವೆ, ಗೃಹಪ್ರವೇಶಗಳ ಆಮಂತ್ರಣ ಹಂಚಿಕೊಳ್ಳುವುದು ನಮ್ಮ ಸಮಾಜದಲ್ಲಿ ಹೆಚ್ಚು. ಆಮಂತ್ರಣವೆಂದು ಬಂದ ಕಡತದ ಹೆಸರು 'ಎಪಿಕೆ' ಎಂದು ಮುಗಿದರೆ ಅದನ್ನು ಮುಟ್ಟಬಾರದು. ಅದು ಫೋನಿನೊಳಗೆ ಕೂತು ಓಟಿಪಿ ಓದುವ ತಂತ್ರಾಂಶವಾಗಿರಬಹುದು. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವಂತೆ 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಲು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಸಂದೇಶದಲ್ಲಿ ಬಂದ ಕೊಂಡಿ ಒತ್ತುವ ಬದಲು ವಿಳಾಸವನ್ನು ನಾವೇ ಬರೆದು ಹೋಗುವುದು ಲೇಸು.

ಇಷ್ಟಾದರೂ ಮೋಸ ನಡೆದುಹೋದರೆ ಸೋಮವಾರದವರೆಗೆ ಕಾಯಬಾರದು. 1930 ನಂಬರಿಗೆ ಕೂಡಲೇ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯಲು ಸಾಧ್ಯ. ಸಂಘದ ಮರ್ಯಾದೆ ಹೋಗುತ್ತದೆಂದು ಮುಚ್ಚಿಡುವುದರಲ್ಲಿ ಕಳೆದ ಪ್ರತಿ ಗಂಟೆಯೂ ಕಳ್ಳನ ಪಾಲಿನ ಲಾಭ.

"ನಮ್ಮಲ್ಲಿ ಎಲ್ಲ ನಂಬಿಕೆಯ ಮೇಲೆ ನಡೆಯುತ್ತದೆ, ಎರಡೆರಡು ಒಪ್ಪಿಗೆ ಕೇಳಿದರೆ ಕೋಶಾಧಿಕಾರಿಗೆ ಅವಮಾನವಲ್ಲವೇ?" ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಸೌಜನ್ಯವಿದೆ. ಆದರೆ ಚೆಕ್ಕಿಗೆ ಎರಡು ಸಹಿ ಎಂದು ನಿಯಮ ಬರೆದವರು ಪರಸ್ಪರ ನಂಬದವರಾಗಿರಲಿಲ್ಲ. ಒಂದೇ ಕೋಣೆಯಲ್ಲಿ ಹತ್ತು ಜನ ಮಲಗಿ, ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಕೈಯಲ್ಲಿ ಊರಿಗೆ ಕಳಿಸಿದವರು. ಸಾರ್ವಜನಿಕರ ಹಣಕ್ಕೆ ಅಷ್ಟು ನಂಬಿಕೆಯೂ ಸಾಲದು ಎಂಬುದು ಅವರಿಗೆ ತಿಳಿದಿತ್ತು. ಇನ್ನು ಕೆಲವರು "ವಯಸ್ಸಾಯಿತು, ನಮಗೆ ಕಂಪ್ಯೂಟರ್ ಬರುವುದಿಲ್ಲ" ಎನ್ನುತ್ತಾರೆ. ಮೊಮ್ಮಕ್ಕಳ ಫೋಟೊ ನೋಡಲು ಫೋನ್ ಕಲಿತವರಿಗೆ ಮೊತ್ತ ಮತ್ತು ಹೆಸರು ಓದಿ ಒಪ್ಪಿಗೆ ಒತ್ತುವುದು ಕಷ್ಟವಲ್ಲ. ಸಂಘಗಳ ಯುವ ವಿಭಾಗದವರು ಒಂದು ರವಿವಾರ ಹಿರಿಯರೊಂದಿಗೆ ಕೂತು ಕಲಿಸಿದರೆ ಅದು ಒಂದು ಕ್ರೀಡೋತ್ಸವದಷ್ಟೇ ಸಾರ್ಥಕ ಕಾರ್ಯಕ್ರಮವಾದೀತು.

ಆದ್ದರಿಂದ ಈ ಸಲದ ಮಹಾಸಭೆಯಲ್ಲಿ ಸದಸ್ಯರು ಉಪಾಹಾರದ ವೋಚರ್ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳಲಿ. ಆನ್‌ಲೈನ್ ಪಾವತಿಗೆ ಎಷ್ಟು ಜನರ ಒಪ್ಪಿಗೆ ಬೇಕು? ಓಟಿಪಿ ಯಾರ ಯಾರ ಫೋನಿಗೆ ಬರುತ್ತದೆ? ದಿನದ ಮಿತಿ ಎಷ್ಟು? ಪದಾಧಿಕಾರಿಗಳು ಬೇಸರಿಸದೆ ಉತ್ತರಿಸಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಲಿ. ಉಪನಿಯಮದಲ್ಲಿ 'ಚೆಕ್' ಎಂದಿರುವಲ್ಲಿ 'ಚೆಕ್ ಹಾಗೂ ಎಲ್ಲ ವಿಧದ ಆನ್‌ಲೈನ್ ಪಾವತಿ' ಎಂದು ಸೇರಿಸಲಿ.

ಸಂಘದ ಖಾತೆಯಲ್ಲಿರುವುದು ನಮ್ಮ ಹಣವಲ್ಲ. ಮನೆಕೆಲಸ ಮಾಡಿ ಮಗಳನ್ನು ಓದಿಸುವ ತಾಯಿ ಜೂನ್‌ನಲ್ಲಿ ನಿರೀಕ್ಷಿಸುವ ಶಾಲಾ ಶುಲ್ಕದ ನೆರವು ಅದರಲ್ಲಿದೆ. ಅದನ್ನು ಕಾಯುವ ಎರಡನೆಯ ಸಹಿಯನ್ನು ನಾವು 2020ರಲ್ಲಿ ತಾತ್ಕಾಲಿಕವಾಗಿ ತೆಗೆದಿದ್ದೆವು. ನಿಮ್ಮ ಸಂಘದಲ್ಲೂ ಹಾಗೆ ಆಗಿದ್ದರೆ ಈ ಮಹಾಸಭೆಯಲ್ಲೇ ಅದನ್ನು ಮರಳಿ ತನ್ನಿ.